121 ಸೋಲು: ಯಾರ ಪಾಲು ಎಷ್ಟು?

ಮುಂಬೈಯ ಮಾಟುಂಗದಲ್ಲಿ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಗೀಚಿದ್ದನ್ನೆಲ್ಲ ಇಲ್ಲಿ ಮಾತಿನಲ್ಲೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಆ ಕಡೆ ದಡ್ಕರ್ ಮೈದಾನ, ಈ ಕಡೆ ಸ್ವಲ್ಪ ನಡೆದರೆ ಶಿವಾಜಿ ಪಾರ್ಕ್. ಇಂಥ ಜಾಗದಲ್ಲಿ ನಿಂತು ಬೇಸ್‌ಬಾಲ್ ಬಗ್ಗೆ ಮಾತಾಡಿದರೆ ಕಲ್ಲು ಬೀಳಬಹುದು ಅಂದುಕೊಂಡೇ ಬಂದೆ. ಹಿಂದಿನ ಸಾಲಿನವರ ಕೈಯಲ್ಲಿ ವಡೆ ಕಾಣಿಸುತ್ತಿದೆ. ಸದ್ಯಕ್ಕೆ ಕೈ ಖಾಲಿ ಇಲ್ಲ ಅಂತ ಧೈರ್ಯ ಬಂತು.

ನಾನು ಬೇಸ್‌ಬಾಲ್ ಆಡಿದವನಲ್ಲ. ಕ್ರಿಕೆಟ್ಟಿನಲ್ಲೂ ಹನ್ನೊಂದು ಜನರಲ್ಲಿ ಒಬ್ಬನಾಗಿ ಇಳಿದವನಲ್ಲ. ನಾನು ಸ್ಕೋರರ್. ಕಾಂಗಾ ಲೀಗಿನಲ್ಲಿ ಒಂದು ಸಣ್ಣ ಕ್ಲಬ್ಬಿಗೆ ಹನ್ನೊಂದು ಮಳೆಗಾಲ ಸ್ಕೋರ್ ಬರೆದಿದ್ದೇನೆ. ಹೊಟ್ಟೆಪಾಡು ಬೇರೆ. ಐರೋಲಿಯ ಒಂದು ಆಫೀಸಿನಲ್ಲಿ ಅಮೆರಿಕದವರ ಲೆಕ್ಕಪತ್ರ ನೋಡುವ ರಾತ್ರಿ ಪಾಳಿ. ಫೋನಿನ ಆಚೆ ತುದಿಯಲ್ಲಿ ಷಿಕಾಗೋದ ಒಬ್ಬರು ಇದ್ದರು. 2024ರಲ್ಲಿ ಅವರು ಮಾತು ಶುರು ಮಾಡುತ್ತಿದ್ದುದೇ "ನಿನ್ನೆಯೂ ಹೋಯಿತು" ಅಂತ. ಮೊದಲ ಸಲ ನಾನು ಅವರ ಮನೆಯಲ್ಲಿ ಯಾರೋ ತೀರಿಕೊಂಡರು ಅಂತಲೇ ತಿಳಿದಿದ್ದೆ.

ತೀರಿಕೊಂಡವರು ಯಾರೂ ಇಲ್ಲ. ಷಿಕಾಗೋ ವೈಟ್ ಸಾಕ್ಸ್ ಅನ್ನುವ ಬೇಸ್‌ಬಾಲ್ ತಂಡ ಸೋತಿತ್ತು. ಮರುದಿನವೂ ಸೋತಿತು. ಅದರ ಮರುದಿನವೂ. ಅಲ್ಲಿ ಸಂಜೆ ಏಳಕ್ಕೆ ಆಟ ಶುರುವಾದರೆ ನಮಗೆ ಬೆಳಗ್ಗೆ ಐದೂವರೆ. ಪಾಳಿ ಮುಗಿಸಿ ಐರೋಲಿಯಿಂದ ಠಾಣೆಗೆ ಬಂದು, ಡೊಂಬಿವಲಿ ಲೋಕಲ್ ಹಿಡಿಯುವಷ್ಟರಲ್ಲಿ ಮೊಬೈಲಿನಲ್ಲಿ ಮೂರೋ ನಾಲ್ಕೋ ಇನ್ನಿಂಗ್ಸ್ ಆಗಿರುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಸೋಲು ಖಾತ್ರಿ. ಗೆಲ್ಲುವ ತಂಡ ನೋಡುವುದಕ್ಕೆ ನನಗೆ ಅಷ್ಟು ಆಸಕ್ತಿ ಹುಟ್ಟುತ್ತಿರಲಿಲ್ಲವೇನೋ. ಇಷ್ಟು ನಿಯತ್ತಾಗಿ ಸೋಲುವವರನ್ನು ಬಿಡುವುದಕ್ಕೆ ಮನಸ್ಸು ಬರಲಿಲ್ಲ.

ಒಂದು ಸೀಸನ್ನಿನಲ್ಲಿ ಒಂದು ತಂಡಕ್ಕೆ 162 ಆಟ. ವೈಟ್ ಸಾಕ್ಸ್ 41 ಗೆದ್ದರು, 121 ಸೋತರು. 1900ರಿಂದ ಈಚೆಗೆ ಅಷ್ಟು ಆಟ ಸೋತ ತಂಡ ಇನ್ನೊಂದಿಲ್ಲ. ಅದಕ್ಕೆ ಮೊದಲು ಆ ಮಾನ 1962ರ ನ್ಯೂಯಾರ್ಕ್ ಮೆಟ್ಸ್ ತಂಡದ ಹೆಸರಲ್ಲಿತ್ತು, 120 ಸೋಲು. ಜುಲೈ ಆಗಸ್ಟಿನಲ್ಲಿ ವೈಟ್ ಸಾಕ್ಸ್ ಸತತ 21 ಆಟ ಸೋತರು. ನಮ್ಮ ಆಫೀಸಿನಲ್ಲಿ ಮಂಗಳೂರಿನ ಒಬ್ಬ ಹುಡುಗ, "ಸಾರ್, ಒಂದು ಪೂಜೆ ಆದರೂ ಮಾಡಿಸಬಹುದಲ್ಲ ಮಾರಾಯ್ರೆ" ಅಂದ.

ಇಂಥ ತಂಡ ಸಿಕ್ಕಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಎಲ್ಲವೂ ಹಾಳು, ಎಲ್ಲರನ್ನೂ ತೆಗೆಯಿರಿ. ಇಲ್ಲಿ ಹೋಟೆಲು ನಡೆಸುವವರು ಸುಮಾರು ಜನ ಇದ್ದೀರಿ. ಹೋಟೆಲು ನಷ್ಟದಲ್ಲಿದೆ ಅಂದರೆ ಭಟ್ಟರು, ಕ್ಲೀನರ್, ಗಲ್ಲಾದವನು ಎಲ್ಲರನ್ನೂ ಒಂದೇ ದಿನ ಮನೆಗೆ ಕಳಿಸುತ್ತೀರಾ? ಇಲ್ಲ ಅಲ್ವಾ. ಖರ್ಚು ಜಾಸ್ತಿಯಾಗಿದೆಯೋ ವ್ಯಾಪಾರ ಕಮ್ಮಿಯಾಗಿದೆಯೋ ಅಂತ ಮೊದಲು ನೋಡುತ್ತೀರಿ. ನಾನೂ ಅದನ್ನೇ ಮಾಡಿದೆ. ಸುಮ್ನೆ, ಲೋಕಲ್ ಟ್ರೇನಿನಲ್ಲಿ ಕೂತು, ಹಳೇ ಬಿಲ್ಲಿನ ಹಿಂಬದಿಯಲ್ಲಿ.

ಆ ವರ್ಷ ವೈಟ್ ಸಾಕ್ಸ್ ಗಳಿಸಿದ ರನ್ 507. ಎದುರಾಳಿಗೆ ಕೊಟ್ಟದ್ದು 813. ಅಂತರ 306. ಇನ್ನು ಲೀಗಿನ 30 ತಂಡಗಳ ಸರಾಸರಿ ನೋಡಿ. ಆ ವರ್ಷ ಒಂದು ತಂಡ ಒಂದು ಆಟಕ್ಕೆ ಸರಾಸರಿ 4.39 ರನ್ ಗಳಿಸಿತು. 162ರಿಂದ ಗುಣಿಸಿದರೆ 711. ಅಂದರೆ ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಮಾಮೂಲಿ ತಂಡ 711 ಗಳಿಸಿ 711 ಕೊಡುತ್ತದೆ. ವೈಟ್ ಸಾಕ್ಸ್ ಗಳಿಕೆಯಲ್ಲಿ 204 ಕಮ್ಮಿ. ಕೊಟ್ಟದ್ದರಲ್ಲಿ 102 ಜಾಸ್ತಿ.

ಈ ಎರಡು ಅಂಕಿ ಬಂದಾಗ ಟ್ರೇನು ಕಲ್ವಾ ದಾಟಿತ್ತು. ನನಗೆ ಆಶ್ಚರ್ಯವಾಯಿತು. 204 ಮತ್ತು 102. ಮೂರು ಪಾಲು ಮಾಡಿದರೆ ಎರಡು ಪಾಲು ಬ್ಯಾಟಿಂಗಿನದು. ಒಂದೇ ಪಾಲು ಪಿಚರುಗಳದ್ದು, ಅಂದರೆ ಚೆಂಡು ಎಸೆಯುವವರದ್ದು, ಅದರಲ್ಲೂ ಫೀಲ್ಡರುಗಳ ಕೈವಾಡ ಸೇರಿದೆ. ಷಿಕಾಗೋದ ನಮ್ಮವರು ಮಾತ್ರ ದಿನಾ ಪಿಚರುಗಳಿಗೇ ಬೈಯುತ್ತಿದ್ದರು. ಅವರದೂ ತಪ್ಪಿಲ್ಲ. ಪಿಚರ್ ಹೊಡೆಸಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ಬ್ಯಾಟರ್ ಹೊಡೆಯದೇ ಇದ್ದದ್ದು ಕಾಣುವುದಿಲ್ಲ. ಹೋಟೆಲಿನಲ್ಲಿ ಒಡೆದ ಗ್ಲಾಸು ಎಲ್ಲರಿಗೂ ಕೇಳಿಸುತ್ತದೆ. ಒಳಗೆ ಬರದೆ ಮುಂದೆ ಹೋದ ಗಿರಾಕಿಯ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಹಾಗಾದರೆ ಅದೃಷ್ಟ? ಅದಕ್ಕೂ ಒಂದು ಲೆಕ್ಕ ಇದೆ. ಬಿಲ್ ಜೇಮ್ಸ್ ಅಂತ ಅಮೆರಿಕದವರು ಮಾಡಿದ್ದು. ಗಳಿಸಿದ ರನ್ನಿನ ವರ್ಗವನ್ನು, ಗಳಿಸಿದ್ದರ ವರ್ಗ ಮತ್ತು ಕೊಟ್ಟದ್ದರ ವರ್ಗ ಕೂಡಿದ ಮೊತ್ತದಿಂದ ಭಾಗಿಸಿ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ನೆನಪಾಗುತ್ತದೆ, ಹೆಸರೂ ಅದೇ ಇಟ್ಟಿದ್ದಾರೆ. 507ರ ವರ್ಗ 2,57,049. 813ರ ವರ್ಗ 6,60,969. ಭಾಗಿಸಿದರೆ 0.280. ಅಂದರೆ 162 ಆಟದಲ್ಲಿ 45 ಗೆಲ್ಲಬೇಕಾದ ತಂಡ ಇದು. ಗೆದ್ದದ್ದು 41. ಹಣೆಬರಹದ ಮೇಲೆ ಹಾಕುವುದಾದರೆ ನಾಲ್ಕು ಆಟ ಹಾಕಿ. ಉಳಿದದ್ದು ಅವರದ್ದೇ ದುಡಿಮೆ.

ಈಗ ದೊಡ್ಡ ಪಾಲಿಗೆ ಬರೋಣ, ಬ್ಯಾಟಿಂಗ್. ಇದಕ್ಕೆ ನಿಮ್ಮನ್ನು 19ನೇ ಶತಮಾನಕ್ಕೆ ಕರೆದುಕೊಂಡು ಹೋಗಬೇಕು. ಹೆನ್ರಿ ಚಾಡ್ವಿಕ್ ಅಂತ ಒಬ್ಬ ಪತ್ರಕರ್ತ. ಇಂಗ್ಲೆಂಡಿನಲ್ಲಿ 1824ರಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದ. ನ್ಯೂಯಾರ್ಕಿನಲ್ಲಿ ಮೊದಲು ಬರೆಯುತ್ತಿದ್ದುದು ಯಾವ ಆಟದ ಬಗ್ಗೆ ಹೇಳಿ? ನಮ್ಮದೇ, ಕ್ರಿಕೆಟ್ಟು. ಆಮೇಲೆ ಬೇಸ್‌ಬಾಲ್ ಕಡೆ ತಿರುಗಿ, ಅದಕ್ಕೆ ಸ್ಕೋರ್ ಬರೆಯುವ ಕ್ರಮ ಮಾಡಿಕೊಟ್ಟ. ನಮ್ಮ ಕಸುಬಿನವನು. ಫೋಟೋ ಸಿಕ್ಕರೆ ಹಾರ ಹಾಕುತ್ತೇನೆ.

ಆದರೆ ಒಂದು ಎಡವಟ್ಟು ಮಾಡಿ ಹೋದ. ಬೇಸ್‌ಬಾಲ್ ಅಂಗಳದಲ್ಲಿ ನಾಲ್ಕು ಮೂಲೆ, ಅವೇ ಬೇಸುಗಳು. ಮೂರನ್ನು ಸುತ್ತಿ, ಹೊರಟ ಮೂಲೆಗೆ, ಅಂದರೆ ಮನೆಗೆ, ವಾಪಸು ಬಂದರೆ ಒಂದು ರನ್. ಬೇಸ್‌ಬಾಲಿನಲ್ಲಿ ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದರೆ, ಬ್ಯಾಟರ್ ಬ್ಯಾಟ್ ಬಿಟ್ಟು ಮೊದಲ ಬೇಸಿಗೆ ಆರಾಮಾಗಿ ನಡೆದುಕೊಂಡು ಹೋಗಬಹುದು. ಅದಕ್ಕೆ ವಾಕ್ ಅನ್ನುತ್ತಾರೆ. ಚಾಡ್ವಿಕ್ ಅಂದುಕೊಂಡ, ಇದರಲ್ಲಿ ಬ್ಯಾಟರಿನದೇನಿದೆ, ಪಿಚರ್ ತಪ್ಪು ಮಾಡಿದ, ಅಷ್ಟೆ. ನಮ್ಮಲ್ಲಿ ವೈಡ್ ಹಾಕಿದರೆ ರನ್ ಬ್ಯಾಟ್ಸ್‌ಮನ್ ಖಾತೆಗೆ ಹೋಗುತ್ತದೆಯೇ? ಇಲ್ಲ. ಅದೇ ಕ್ರಿಕೆಟ್ ಬುದ್ಧಿ. ಹಾಗಾಗಿ ಬ್ಯಾಟಿಂಗ್ ಸರಾಸರಿಯಲ್ಲಿ ವಾಕ್ ಬರುವುದೇ ಇಲ್ಲ. ಹೊಡೆದು ಬೇಸ್ ಮುಟ್ಟಿದ್ದು, ಅಂದರೆ ಹಿಟ್, ಎಷ್ಟು, ಅದನ್ನು ಸರದಿಗಳಿಂದ ಭಾಗಿಸು, ಮುಗಿಯಿತು. ನೂರು ವರ್ಷಕ್ಕೂ ಜಾಸ್ತಿ ಕಾಲ ಆಟಗಾರರ ಬೆಲೆ ಕಟ್ಟಿದ್ದು ಆ ತಕ್ಕಡಿಯಲ್ಲೇ.

ಕ್ರಿಕೆಟ್ಟಿಗೂ ಬೇಸ್‌ಬಾಲಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಏಕದಿನ ಕ್ರಿಕೆಟ್ಟಿನಲ್ಲಿ 300 ಚೆಂಡು, 10 ವಿಕೆಟ್. ಎಷ್ಟೋ ಸಲ ವಿಕೆಟ್ ಉಳಿದಿರುತ್ತದೆ, ಚೆಂಡು ಮುಗಿಯುತ್ತದೆ. ಬೇಸ್‌ಬಾಲಿನಲ್ಲಿ ಚೆಂಡಿಗೆ ಲೆಕ್ಕವಿಲ್ಲ. ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸಿಗೆ ಮೂರು ಔಟು, ಒಟ್ಟು 27 ಔಟು. ಅದೇ ಬಂಡವಾಳ. ಔಟಾಗದೆ ಬೇಸ್ ಮುಟ್ಟಿದವನು, ನಡೆದೇ ಹೋಗಿರಲಿ ಮೈಗೆ ಚೆಂಡು ಬಡಿಸಿಕೊಂಡೇ ಹೋಗಿರಲಿ, ಬಂಡವಾಳ ಉಳಿಸಿದ ಹಾಗೆ. ಅದನ್ನು ಅಳೆಯುವುದಕ್ಕೆ ಆನ್‌ಬೇಸ್ ಪರ್ಸೆಂಟೇಜ್ ಅಂತ ಇದೆ. ಸೋಲುವ ತಂಡದ ಹಾಳೆ ಕೈಗೆ ಬಂದರೆ ನಾನು ಮೊದಲು ಬೆರಳಿಡುವುದು ಅಲ್ಲಿ.

ವೈಟ್ ಸಾಕ್ಸ್ ಬ್ಯಾಟಿಂಗ್ ಸರಾಸರಿ 0.221, ಲೀಗಿನದು 0.243. ನೋಡಿದರೆ ಅಂಥ ಘೋರ ಅನಿಸುವುದಿಲ್ಲ. ಆನ್‌ಬೇಸ್ ನೋಡಿ: ಅವರದು 0.278, ಲೀಗಿನದು 0.312. ಸಾವಿರ ಸಲ ಬ್ಯಾಟ್ ಹಿಡಿದರೆ 34 ಜನ ಕಮ್ಮಿ ಬೇಸ್ ಮುಟ್ಟುತ್ತಾರೆ ಅಂತ ಅರ್ಥ. ಒಂದು ಸೀಸನ್ನಿನಲ್ಲಿ ಒಂದು ತಂಡದವರು ಸುಮಾರು 6,000 ಸಲ ಬ್ಯಾಟ್ ಹಿಡಿಯುತ್ತಾರೆ. ಆರು ಸಲ 34, ಅಂದರೆ 200ಕ್ಕೆ ಮೇಲೆ ಜನ ಬೇಸಿಗೆ ಹೋಗಲೇ ಇಲ್ಲ. ರನ್ ಕೊರತೆಯೂ 204, ಇದೂ 204. ಎರಡೂ ಒಂದೇ ಬಂದದ್ದು ಕಾಕತಾಳೀಯ. ಬೇಸ್ ಮುಟ್ಟಿದವರೆಲ್ಲ ರನ್ ಆಗುವುದಿಲ್ಲ. ಜೊತೆಗೆ ಇವರ ಹೊಡೆತದಲ್ಲೂ ದಮ್ಮಿರಲಿಲ್ಲ. ಒಂದು ಸರದಿಗೆ ಹೊಡೆತದಿಂದ ಸರಾಸರಿ ಎಷ್ಟು ಬೇಸ್ ಸಿಕ್ಕಿತು ಅಂತ ಅಳೆಯುವ ಸ್ಲಗ್ಗಿಂಗ್ 0.340, ಲೀಗಿನದು 0.399. ಹೋಮ್‌ರನ್, ಅಂದರೆ ನಮ್ಮ ಸಿಕ್ಸರಿನ ಹಾಗೆ ಅಂಗಳದಾಚೆ ಹೋಗುವ ಹೊಡೆತ, 133. ಬೇಸಿನಲ್ಲಿ ಜನ ಇಲ್ಲ, ಇದ್ದಾಗ ಅವರನ್ನು ಮನೆ ಮುಟ್ಟಿಸುವ ಹೊಡೆತವೂ ಇಲ್ಲ.

ಇಲ್ಲಿ ಇನ್ನೊಂದು ಅಂಕಿಯ ಬಗ್ಗೆ ಎಚ್ಚರ ಹೇಳಬೇಕು. ಆರ್‌ಬಿಐ ಅಂತ ಬರೆದಿರುತ್ತಾರೆ. ನಮ್ಮ ಫೋರ್ಟಿನಲ್ಲಿರುವ ಬ್ಯಾಂಕಲ್ಲ. ಒಬ್ಬನ ಹೊಡೆತದಿಂದ ಎಷ್ಟು ರನ್ ಬಂತು ಅನ್ನುವುದು. ಬಾಗಿಲ ಪಕ್ಕದ ಟೇಬಲ್ ಸಿಕ್ಕ ವೇಟರಿಗೆ ಟಿಪ್ಸ್ ಜಾಸ್ತಿ ಬಿದ್ದ ಹಾಗೆ. ಮೊದಲೇ ಬೇಸಿನಲ್ಲಿ ಜನ ನಿಂತಿದ್ದರೆ ಆರ್‌ಬಿಐ ತಾನಾಗಿ ಬರುತ್ತದೆ. ಯಾರೂ ಬೇಸ್ ಮುಟ್ಟದ ತಂಡದಲ್ಲಿ ಒಳ್ಳೆಯ ಹೊಡೆತಗಾರನ ಆರ್‌ಬಿಐ ಕೂಡ ಬಡವಾಗಿ ಕಾಣುತ್ತದೆ. ಗಾಯವನ್ನೂ ಮರೆಯಬಾರದು. ಹಿಂದಿನ ವರ್ಷ 38 ಹೋಮ್‌ರನ್ ಹೊಡೆದಿದ್ದ ಲೂಯಿಸ್ ರಾಬರ್ಟ್ ಏಪ್ರಿಲ್ ಶುರುವಿನಲ್ಲೇ ಸೊಂಟದ ಕೆಳಗೆ ಪೆಟ್ಟು ಮಾಡಿಕೊಂಡು ಸುಮಾರು ಎರಡು ತಿಂಗಳು ಕೂತ. ಆ ವರ್ಷ ಆಡಿದ್ದು 100 ಆಟ, ಹೋಮ್‌ರನ್ 14.

ಈಗ ಪಿಚರುಗಳು. ಇದಕ್ಕೆ ಮೊದಲು ನನ್ನದೊಂದು ಕತೆ ಹೇಳುತ್ತೇನೆ. ಹೇಳುವುದಕ್ಕೆ ಅಂಥ ಹೆಮ್ಮೆಯೇನೂ ಇಲ್ಲ.

ನಮ್ಮ ಕ್ಲಬ್ಬಿನಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗ ಇದ್ದ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿ ಶಾಲೆ, ಭಾನುವಾರ ಬೌಲಿಂಗ್. ಔಟ್‌ಸ್ವಿಂಗ್ ಅಂದರೆ ಔಟ್‌ಸ್ವಿಂಗ್. ಕಾಂಗಾ ಲೀಗ್ ನಿಮಗೆ ಗೊತ್ತಲ್ಲ, ಮಳೆಗಾಲದ ಆಟ. ಅಂಗಳ ಕೆಸರು, ಚೆಂಡು ಸೋಪಿನ ಹಾಗೆ. ಅವನ ಬೌಲಿಂಗಿಗೆ ಚೆಂಡು ಅಂಚು ತಾಗಿ ಸ್ಲಿಪ್ಪಿಗೆ ಹೋಗುತ್ತಿತ್ತು, ಸ್ಲಿಪ್ಪಿನವರು ಬಿಡುತ್ತಿದ್ದರು. ಸ್ಲಿಪ್ಪಿನಲ್ಲಿ ನಿಲ್ಲುತ್ತಿದ್ದವರು ಯಾರು? ವಯಸ್ಸಾದವರು, ಕ್ಲಬ್ಬಿಗೆ ದುಡ್ಡು ಹಾಕಿದವರು. ಸ್ಕೋರ್‌ಬುಕ್ಕಿನಲ್ಲಿ ಬಿಟ್ಟ ಕ್ಯಾಚಿಗೆ ಕಾಲಂ ಇಲ್ಲ. ನಾನು ಪೆನ್ಸಿಲಿನಲ್ಲಿ, ಆ ಚೆಂಡಿನ ಗುರುತಿನ ಮೂಲೆಯಲ್ಲಿ, ಸಣ್ಣ ಚುಕ್ಕೆ ಇಡುತ್ತಿದ್ದೆ. ಯಾರೂ ಹೇಳಿದ್ದಲ್ಲ, ಸುಮ್ನೆ ಅಭ್ಯಾಸ. ಆ ಸೀಸನ್ ಕೊನೆಗೆ ಏಳು ಆಟದಲ್ಲಿ ಅವನ ಹೆಸರಿನ ಸಾಲಿನಲ್ಲಿ ಹದಿನಾಲ್ಕು ಚುಕ್ಕೆ ಇತ್ತು. ವಿಕೆಟ್ ಒಂಬತ್ತು.

ಕಮಿಟಿಯವರು ಪುಸ್ತಕ ತರಿಸಿಕೊಂಡರು. ಸರಾಸರಿ ನೋಡಿದರು. "ಈ ಹುಡುಗ ದುಬಾರಿ" ಅಂದರು. ಮುಂದಿನ ವರ್ಷ ಅವನ ಹೆಸರು ಇಲ್ಲ. ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ಚುಕ್ಕೆಯ ವಿಷಯಕ್ಕೆ ಬಾಯಿ ಬಿಡಲಿಲ್ಲ. ಸ್ಲಿಪ್ಪಿನವರೂ ಅಲ್ಲೇ ಕೂತಿದ್ದರು, ಚಹಾ ಅವರೇ ಕೊಡಿಸಿದ್ದರು.

ಬೇಸ್‌ಬಾಲಿನವರು ನಮಗಿಂತ ವಾಸಿ. ಫೀಲ್ಡರ್ ಕೈಗೆ ಬಂದದ್ದನ್ನು ಬಿಟ್ಟರೆ ಎರರ್ ಅಂತ ಬರೆಯುತ್ತಾರೆ. ಅದರಿಂದ ಬಂದ ರನ್ ಪಿಚರಿನ ಇಆರ್‌ಎಗೆ ಸೇರುವುದಿಲ್ಲ. ಇಆರ್‌ಎ ಅಂದರೆ ಪಿಚರಿನ ಹೊಣೆ ಅಂತ ಬರೆದ ರನ್ನು ಒಂಬತ್ತು ಇನ್ನಿಂಗ್ಸಿಗೆ ಎಷ್ಟು ಅನ್ನುವ ಲೆಕ್ಕ. ಆದರೆ ಫೀಲ್ಡರ್ ನಿಧಾನವಾಗಿ ಓಡಿ ಚೆಂಡಿನ ಹತ್ತಿರವೇ ಹೋಗದಿದ್ದರೆ? ಅದು ಎರರ್ ಅಲ್ಲ, ಹಿಟ್. ಪಿಚರಿನ ತಲೆಗೇ ಬಂತು. ನಮ್ಮ ಸ್ಲಿಪ್ಪಿನವರು ಅಲ್ಲೂ ಇದ್ದಾರೆ ಅಂತಾಯಿತು.

ಇದಕ್ಕೆ ಮದ್ದು ಹುಡುಕಿದವರು ವೋರೊಸ್ ಮೆಕ್ರಾಕೆನ್, 2001ರ ಹೊತ್ತಿಗೆ. ಅವರು ಹೇಳಿದ್ದು ಆಗ ಯಾರೂ ನಂಬದ ಮಾತು. ಬ್ಯಾಟಿಗೆ ತಗುಲಿ ಅಂಗಳದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತದೋ ಔಟಾಗುತ್ತದೋ ಅನ್ನುವುದರ ಮೇಲೆ ಪಿಚರಿಗೆ ಅಂಥ ಹಿಡಿತ ಇಲ್ಲ. ನೂರಕ್ಕೆ ಮೂವತ್ತರ ಸುಮಾರಿಗೆ ಹಿಟ್ ಆಗುತ್ತದೆ, ಒಂದು ವರ್ಷ ಜಾಸ್ತಿ, ಒಂದು ವರ್ಷ ಕಮ್ಮಿ. ಪಿಚರಿನ ಕೈಯಲ್ಲಿ ನಿಜವಾಗಿ ಇರುವುದು ಮೂರು: ಮೂರು ಸ್ಟ್ರೈಕ್ ಹಾಕಿ ಬ್ಯಾಟರನ್ನು ಔಟ್ ಮಾಡುವ ಸ್ಟ್ರೈಕ್‌ಔಟ್, ವಾಕ್, ಹೋಮ್‌ರನ್. ಈ ಮೂರರಲ್ಲಿ ಫೀಲ್ಡರಿಗೆ ಕೆಲಸವೇ ಇಲ್ಲ ನೋಡಿ. ಇವುಗಳಿಂದಲೇ ಲೆಕ್ಕ ಹಾಕುವುದಕ್ಕೆ ಫಿಪ್ ಅನ್ನುತ್ತಾರೆ, ಇಆರ್‌ಎ ತರಹವೇ ಓದಬಹುದು.

ಈಗ ಗ್ಯಾರೆಟ್ ಕ್ರೋಶೆ ಅನ್ನುವ ಹುಡುಗನ 2024ರ ಸಾಲು ನೋಡಿ. ಎಡಗೈ ಪಿಚರ್, ವೈಟ್ ಸಾಕ್ಸ್ ತಂಡದವನು. ಪ್ರತಿ ಆಟದ ಗೆಲುವನ್ನೂ ಸೋಲನ್ನೂ ಅಲ್ಲಿ ಒಬ್ಬೊಬ್ಬ ಪಿಚರಿನ ಹೆಸರಿಗೆ ಬರೆಯುತ್ತಾರೆ. ಇವನ ಗೆಲುವು 6, ಸೋಲು 12. ನಮ್ಮ ಕಮಿಟಿಯವರಿಗೆ ಇಷ್ಟೇ ಸಾಕಿತ್ತು. ಮುಂದಕ್ಕೆ ಓದಿ. 146 ಇನ್ನಿಂಗ್ಸ್, 209 ಸ್ಟ್ರೈಕ್‌ಔಟ್, ಬರೀ 33 ವಾಕ್. ಇಆರ್‌ಎ 3.58. ಫಿಪ್ 2.69. ಹತ್ತಿರ ಹತ್ತಿರ ಒಂದು ರನ್ ವ್ಯತ್ಯಾಸ. ಅಂದರೆ ಇಆರ್‌ಎ ಕೂಡ ಅವನಿಗೆ ಪೂರ್ತಿ ನ್ಯಾಯ ಮಾಡಿರಲಿಲ್ಲ, ಗೆಲುವು ಸೋಲಿನ ಕಾಲಂ ಮಾತು ಬಿಡಿ.

ಆರೇ ಗೆಲುವು ಯಾಕೆ? ಒಂದು, ತಂಡ ರನ್ ಹೊಡೆಯಲಿಲ್ಲ. ಎರಡು, ಆಟ ಶುರು ಮಾಡಿದ ಪಿಚರಿಗೆ ಗೆಲುವು ಬರೆಯಬೇಕಾದರೆ ಅವನು ಐದು ಇನ್ನಿಂಗ್ಸ್ ಮುಗಿಸಿರಬೇಕು ಅಂತ ನಿಯಮ. ಇವನಿಗೆ 2022ರಲ್ಲಿ ಮೊಣಕೈ ಆಪರೇಷನ್ ಆಗಿತ್ತು, ಆಟ ಶುರು ಮಾಡುವ ಪಿಚರಾಗಿ ಇದೇ ಮೊದಲ ವರ್ಷ. ಕೈ ಹಾಳಾಗಬಾರದು ಅಂತ ಸೀಸನ್ನಿನ ಎರಡನೇ ಅರ್ಧದಲ್ಲಿ ಹೆಚ್ಚೆಂದರೆ ನಾಲ್ಕು ಇನ್ನಿಂಗ್ಸಿಗೆ ಇಳಿಸುತ್ತಿದ್ದರು. ನಾಲ್ಕರಲ್ಲಿ ಎಂಟು ಜನರನ್ನು ಸ್ಟ್ರೈಕ್‌ಔಟ್ ಮಾಡಿದರೂ ಗೆಲುವು ಸಿಕ್ಕುವ ಹಾಗಿಲ್ಲ.

ಇದು ಅವನೊಬ್ಬನ ಕತೆಯಲ್ಲ. 1987ರಲ್ಲಿ ಹ್ಯೂಸ್ಟನ್ ತಂಡದ ನೋಲನ್ ರಯನ್ ತನ್ನ ಲೀಗಿನಲ್ಲೇ ಎಲ್ಲರಿಗಿಂತ ಒಳ್ಳೆಯ ಇಆರ್‌ಎ ಮಾಡಿದ, 2.76. ಸ್ಟ್ರೈಕ್‌ಔಟಿನಲ್ಲೂ ಅವನೇ ಮೊದಲು, 270. ಗೆಲುವು 8, ಸೋಲು 16. ವಯಸ್ಸು 40. ನನಗೆ ಆ ಸಾಲು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕ್ರೋಶೆಯನ್ನು ಡಿಸೆಂಬರಿನಲ್ಲಿ ಬಾಸ್ಟನ್ ತಂಡದವರು ಬೇರೆ ಆಟಗಾರರನ್ನು ಕೊಟ್ಟು ಕರೆದುಕೊಂಡರು. ಅವರು ಯಾವ ಕಾಲಂ ಓದಿದ್ದರು ಅಂತ ಹೇಳಬೇಕಾಗಿಲ್ಲ. 2025ರಲ್ಲಿ ಅವನ ಸಾಲು: ಗೆಲುವು 18, ಸೋಲು 5. ಇಆರ್‌ಎ 2.59, ಸ್ಟ್ರೈಕ್‌ಔಟ್ 255. ತೋಳು ಅದೇ, ಹಿಂದೆ ನಿಂತವರು ಬೇರೆ.

ಮೈದಾನದ ಮಾತು ಸ್ವಲ್ಪ ಹೇಳಿ ಮುಗಿಸುತ್ತೇನೆ. ಕಾಂಗಾ ಲೀಗಿನಲ್ಲಿ ಜುಲೈ ತಿಂಗಳಲ್ಲಿ ಹೊಡೆದ 30 ರನ್ನಿಗೂ ಡಿಸೆಂಬರಿನಲ್ಲಿ ಒಣ ಪಿಚ್ಚಿನಲ್ಲಿ ಹೊಡೆದ 30 ರನ್ನಿಗೂ ಒಂದೇ ಬೆಲೆಯೇ? ಹುಲ್ಲು ಮೊಣಕಾಲಿಗೆ ಬರುವಾಗ ನೆಲಕ್ಕೆ ಹೊಡೆದ ಚೆಂಡು ಬೌಂಡರಿ ಮುಟ್ಟುವುದೇ ಇಲ್ಲ. ಅಮೆರಿಕದಲ್ಲಿ ಇದರ ಉಲ್ಟಾ ಜಾಗ ಡೆನ್ವರ್. ಸಮುದ್ರ ಮಟ್ಟಕ್ಕಿಂತ ಸುಮಾರು 1,600 ಮೀಟರ್ ಎತ್ತರ, ಗಾಳಿ ತೆಳು, ಚೆಂಡು ದೂರ ಹಾರುತ್ತದೆ, ಪಿಚರಿನ ತಿರುವು ಕಮ್ಮಿಯಾಗುತ್ತದೆ. ಅಲ್ಲಿನ ಪಿಚರಿನ ಇಆರ್‌ಎಯನ್ನು ಬೇರೆ ಊರಿನವರದ್ದರ ಪಕ್ಕ ಹಾಗೇ ಇಟ್ಟರೆ ಅನ್ಯಾಯ. ಚೆಂಡು ತೀರಾ ಒಣಗಬಾರದು ಅಂತ 2002ರಿಂದ ಅದನ್ನು ತೇವ ಇರುವ ಕೋಣೆಯಲ್ಲಿ ಇಡುತ್ತಾರಂತೆ ಅಂದಾಗ, ನನ್ನ ಹೆಂಡತಿ "ನಮ್ಮ ಹಪ್ಪಳದ ಡಬ್ಬಿಗೆ ಇದರ ಉಲ್ಟಾ ಬೇಕು" ಅಂದಳು. ಷಿಕಾಗೋ ಮೈದಾನ ಅಂಥ ವಿಚಿತ್ರದ್ದಲ್ಲ. ವೈಟ್ ಸಾಕ್ಸ್ ಅಂಗಳ ಡೊಂಕು ಅನ್ನುವ ಹಾಗಿಲ್ಲ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಬರೆದುಬಿಡುತ್ತೇನೆ.

ಮುಂದಿನ ಸಾಲಿನ ಶೆಟ್ರು ಕೇಳಿದರು, "ಮ್ಯಾನೇಜರನ್ನು ತೆಗೆಯಲಿಲ್ಲವಾ ಮಾರಾಯ್ರೆ? ತೆಗೆದ ಮೇಲೆ ಸುಧಾರಿಸಿತಾ?"

ತೆಗೆದರು ಶೆಟ್ರೆ. 21 ಸೋಲಿನ ಸರಣಿ ಆಗಸ್ಟ್ 6ರಂದು ಮುರಿಯಿತು, 8ರಂದು ಪೆದ್ರೊ ಗ್ರಿಫೋಲ್ ಅವರನ್ನು ಮನೆಗೆ ಕಳಿಸಿದರು. ಅವರ ಕಾಲದಲ್ಲಿ 28 ಗೆಲುವು, 89 ಸೋಲು. ಆಮೇಲೆ ಬಂದ ಗ್ರೇಡಿ ಸೈಜ್‌ಮೋರ್ 45 ಆಟದಲ್ಲಿ 13 ಗೆದ್ದರು. ಹಳೆಯ ಲೆಕ್ಕದಲ್ಲೇ ಆಡಿದ್ದರೂ 45ರಲ್ಲಿ ಸುಮಾರು 11 ಗೆಲ್ಲುತ್ತಿದ್ದರು. ವ್ಯತ್ಯಾಸ ಎರಡು ಆಟ. ಅದೂ ಜುಲೈ ಕೊನೆಯಲ್ಲಿ ಎರಿಕ್ ಫೆಡ್ಡಿ ಅನ್ನುವ ಒಳ್ಳೆಯ ಪಿಚರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟ ಮೇಲೆ. ಆ ಕೆಟ್ಟ ತಂಡದಲ್ಲಿ 7 ಗೆಲುವು, 4 ಸೋಲು, ಇಆರ್‌ಎ 3.11 ಇದ್ದವನು ಅವನು. ಹೊಸ ಮ್ಯಾನೇಜರ್ ಕೈಗೆ ಸಿಕ್ಕ ತಂಡ ಹಳೆಯದಕ್ಕಿಂತ ಸೊರಗಿತ್ತು. ಎರಡು ಆಟದ ವ್ಯತ್ಯಾಸಕ್ಕೆ ನಾನು ಯಾರಿಗೂ ಹಾರ ಹಾಕುವುದಿಲ್ಲ, ಯಾರಿಗೂ ಚಪ್ಪಲಿ ಎಸೆಯುವುದಿಲ್ಲ. 2025ರಲ್ಲಿ ಇನ್ನೊಬ್ಬ ಮ್ಯಾನೇಜರ್ ಬಂದರು. 60 ಗೆದ್ದರು, 102 ಸೋತರು. ಷಿಕಾಗೋದವರು ಫೋನಿನಲ್ಲಿ ಹಬ್ಬ ಮಾಡಿದರು.

ಶೆಟ್ರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಅವರ ಹೋಟೆಲಿನ ಮ್ಯಾನೇಜರೂ ಪಕ್ಕದಲ್ಲೇ ಕೂತಿದ್ದರು.

ಎರಡನೇ ಪ್ರಶ್ನೆ ಹಿಂದಿನಿಂದ ಒಬ್ಬ ಅಮ್ಮನವರದು. "ಆ ಕುಂದಾಪುರದ ಹುಡುಗ ಏನಾದ?"

ಈಗ ಮೀರಾ ರೋಡಿನಲ್ಲಿ ಅವನದೇ ಹೋಟೆಲು ಇದೆ. ಚೆನ್ನಾಗಿ ನಡೆಯುತ್ತಿದೆ. ಹೋದಾಗಲೆಲ್ಲ ನೀರ್‌ದೋಸೆ ತಾನೇ ತಂದಿಡುತ್ತಾನೆ, ನನ್ನ ಹತ್ತಿರ ದುಡ್ಡು ತಗೊಳ್ಳುವುದಿಲ್ಲ. "ಅಣ್ಣ, ಆ ವರ್ಷ ನಾನು ಅಷ್ಟು ಕೆಟ್ಟದಾಗಿ ಹಾಕಿದ್ನಾ?" ಅಂತ ಒಮ್ಮೆ ಕೇಳಿದ. ಆ ಸ್ಕೋರ್‌ಬುಕ್ ನನ್ನ ಮನೆಯಲ್ಲೇ ಇದೆ. ಪೆನ್ಸಿಲ್ ಸ್ವಲ್ಪ ಮಾಸಿದೆ, ಚುಕ್ಕೆ ಎಣಿಸುವುದಕ್ಕೆ ಆಗುತ್ತದೆ. ಬರುವ ಭಾನುವಾರ ಚೀಲದಲ್ಲಿ ಹಾಕಿಕೊಂಡು ಹೋಗಬೇಕು.